ಅಮ್ಮ ಬಂದ ಮನೆಯ ಪುಸ್ತಕಗಳು

ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೊಸದಾಗಿ ಸೇರಿದವರು ಒಬ್ಬರಾದ ಮೇಲೊಬ್ಬರು ನನ್ನನ್ನು ಹುಡುಕಿಕೊಂಡು ಬಂಗಾರಪೇಟೆಯ ಮನೆಗೆ ಬರುತ್ತಾರೆ. ಕೂತು ಕಾಫಿ ಕುಡಿದ ಮೇಲೆ ಕೇಳುವ ಮೊದಲ ಪ್ರಶ್ನೆ, "ಮೇಡಂ, ಯಾವ ಪರೀಕ್ಷೆ ಪಾಸು ಮಾಡಿದರೆ ಬೇಗ ಮೇಲಕ್ಕೆ ಹೋಗಬಹುದು?" ಅವರು ತಪ್ಪು ವಿಳಾಸಕ್ಕೆ ಬಂದಿದ್ದಾರೆ. ನಾನು ಸೇರಿದ್ದು ಮಕ್ಕಳ ವಿಭಾಗಕ್ಕೆ, ನಿವೃತ್ತಳಾಗಿದ್ದೂ ಅಲ್ಲಿಂದಲೇ. ನಡುವೆ ಸಂಬಳ ಒಂದಿಷ್ಟು ಏರಿತು, ಕನ್ನಡಕದ ನಂಬರು ಅದಕ್ಕಿಂತ ಜೋರಾಗಿ ಏರಿತು. ಮೇಲಕ್ಕೆ ಹೋಗುವುದು ಹೇಗೆಂದು ನನಗೆ ಗೊತ್ತಿಲ್ಲ, ಇದ್ದಲ್ಲೇ ಇರುವುದು ಹೇಗೆಂದು ಬೇಕಾದರೆ ಹೇಳುತ್ತೇನೆ ಎಂದು ಅವರಿಗೆ ಹೇಳುವ ಮಾತನ್ನೇ ಇಲ್ಲಿ ಬರೆದಿದ್ದೇನೆ.

ನಾನು ಗದಗದ ಕಡೆಯವಳು. ನನ್ನವರಿಗೆ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕೆಲಸ, ನನಗೆ ಚಿನ್ನದ ಗಣಿಯ ಊರಿನಲ್ಲಿ, ಉರಿಗಾಂ ಸ್ಟೇಷನ್ನಿಗೆ ಹತ್ತಿರದ ಗ್ರಂಥಾಲಯದಲ್ಲಿ. ಮಕ್ಕಳ ವಿಭಾಗವೆಂದರೆ ಕಟ್ಟಡದ ಹಿಂದಿನ ಒಂದೇ ಕೋಣೆ. ಅದಕ್ಕೆ ಬರಲು ಯಾರೂ ಒಪ್ಪಿರಲಿಲ್ಲವಂತೆ. ಹೊಸಬಳು, ಮೇಲಾಗಿ ಹೆಂಗಸು, ಮಕ್ಕಳನ್ನು ನೋಡಿಕೊಳ್ಳಲಿ ಎಂದು ನನ್ನನ್ನು ಅಲ್ಲಿಗೆ ತಳ್ಳಿದರು.

ಮೊದಲ ದಿನ ಬಾಗಿಲಲ್ಲಿ ನಿಂತಿದ್ದ ಮಕ್ಕಳನ್ನು ನಮ್ಮೂರ ರೂಢಿಯಲ್ಲಿ "ಬರ್ರಿ, ಒಳಗ ಕುಂದರ್ರಿ" ಎಂದು ಕರೆದೆ. ಒಬ್ಬರೂ ಅಲ್ಲಾಡಲಿಲ್ಲ. ತಮಿಳು, ತೆಲುಗು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಆ ಮಕ್ಕಳಿಗೆ ನನ್ನ ಕನ್ನಡ ನಾಲ್ಕನೆಯ ಭಾಷೆಯಾಗಿ ಕೇಳಿಸಿರಬೇಕು. ಕೊನೆಗೆ ನಾಗವೇಣಿ ಎಂಬ ಪುಟ್ಟ ಹುಡುಗಿ ಪಕ್ಕದವಳ ಕಿವಿಯಲ್ಲಿ, "ಒಸ ಮಿಸ್ಸು ನಮ್ಗೆಲ್ಲ ರೀ ಅಂತಾರೆ ಕಣೇ!" ಎಂದಳು. ಅವತ್ತಿನಿಂದ ನಾನು ರೀ ಮಿಸ್ಸು. ನನ್ನ ನಿಜವಾದ ಹೆಸರು ವಿಮಲಾ ಎಂದು ತಿಳಿಯದೆಯೇ ಎರಡು ತಲೆಮಾರಿನ ಮಕ್ಕಳು ಅಲ್ಲಿ ಓದಿ ದೊಡ್ಡವರಾದರು.

ತರಬೇತಿಗೆಂದು ಬೆಂಗಳೂರಿಗೆ ಕಳಿಸಿದ್ದರು. ಪುಸ್ತಕಕ್ಕೆ ನಂಬರು ಹಾಕುವುದು, ಎಲ್ಲೆಲ್ಲಿ ಮೊಹರು ಒತ್ತುವುದು, ಕಪಾಟಿನಲ್ಲಿ ಹೇಗೆ ಜೋಡಿಸುವುದು, ಎಲ್ಲವನ್ನೂ ಚೆನ್ನಾಗಿ ಕಲಿಸಿದರು. ಮಗುವಿನ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನು ವಾಪಸು ಬಂದವಳೇ "ಮೌನವಾಗಿರಿ" ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದೆ. ಒಂದು ವಾರದಲ್ಲಿ ಕೋಣೆ ನಿಜವಾಗಿಯೂ ಮೌನವಾಯಿತು, ಏಕೆಂದರೆ ಮಕ್ಕಳು ಬರುವುದನ್ನೇ ಬಿಟ್ಟಿದ್ದರು.

ಒಂದು ಸಂಜೆ ಬಂಗಾರಪೇಟೆಗೆ ಮರಳುವ ರೈಲಿನಲ್ಲಿ ನನ್ನ ಗೋಳು ಕೇಳಿ ನಕ್ಕವರು ನಾರಾಯಣಪ್ಪ. ಬಂಗಾರಪೇಟೆ ಪಕ್ಕದ ಹಳ್ಳಿಯ ರೈತರ ಮನೆಯವರು, ಕೋರಮಂಡಲ್ ಸ್ಟೇಷನ್ನಿನ ಹತ್ತಿರದ ಓದುವ ಕೋಣೆಯಲ್ಲಿ ಕೆಲಸ. "ಅಲ್ಲ ಕಣಮ್ಮ, ಆ ಉಡುಗ್ರು ಇನ್ನೂ ಅಕ್ಷರ ಕೂಡಿಸ್ಕಂಡು ಓದೋವು. ಬಾಯಿ ಬಿಡದೆ ಎಂಗೆ ಓದ್ತಾವೆ? ಮೊದ್ಲು ಆ ಬೋರ್ಡು ಕಿತ್ತಾಕಿ" ಎಂದರು. ಮರುದಿನ ಕಿತ್ತುಹಾಕಿದೆ. ಮಕ್ಕಳು ಬಂದರು, ಜೊತೆಗೆ ಗದ್ದಲವೂ ಬಂತು. ಆ ಗದ್ದಲದಲ್ಲೇ ನನ್ನ ಮುಂದಿನ ಸರ್ವೀಸೆಲ್ಲ ಕಳೆಯಿತು.

ನಿಜವಾದ ತರಬೇತಿ ನನಗೆ ಸಿಕ್ಕಿದ್ದು ಆ ರೈಲಿನಲ್ಲಿ. ಸಂಜೆಯ ಗಾಡಿ ಮಾರಿಕುಪ್ಪಂನಿಂದ ಹೊರಡುತ್ತಿತ್ತು. ಅಲ್ಲಿ ಫಿಲೋಮಿನಾ ಹತ್ತುತ್ತಿದ್ದಳು. ಅವಳದ್ದೂ ಮಕ್ಕಳ ವಿಭಾಗವೇ. ಉರಿಗಾಂನಲ್ಲಿ ನಾನು, ಕೋರಮಂಡಲ್‌ನಲ್ಲಿ ನಾರಾಯಣಪ್ಪ. ಮೂವರೂ ಇಳಿಯುವುದು ಬಂಗಾರಪೇಟೆಯಲ್ಲಿ. ಫಿಲೋಮಿನಾ ಮೂವರಿಗೂ ಕಿಟಕಿಯ ಹತ್ತಿರ ಜಾಗ ಹಿಡಿದಿಡುತ್ತಿದ್ದಳು. ಅವತ್ತು ಏನು ಕೆಟ್ಟಿತು, ಏನು ಸರಿಹೋಯಿತು, ಒಬ್ಬೊಬ್ಬರಾಗಿ ಹೇಳಬೇಕು, ಬರಿಯ ಜಂಬ ಕೊಚ್ಚಬಾರದು ಎಂಬುದೊಂದೇ ನಿಯಮ. ಕಥೆಯನ್ನು ಗಣಿಯ ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ ಕುತೂಹಲದ ಕಡೆ ನಿಲ್ಲಿಸಿದರೆ ಮಕ್ಕಳು ನಾಳೆ ತಪ್ಪದೆ ಬರುತ್ತಾರೆ ಎಂದು ಕಲಿಸಿದವಳು ಫಿಲೋಮಿನಾ. ಮೇಜಿನ ಹಿಂದೆ ಕೂತವರನ್ನು ಮಕ್ಕಳು ಪೊಲೀಸರೆಂದೇ ತಿಳಿಯುತ್ತಾರೆ, ಚಾಪೆಯ ಮೇಲೆ ಕೂರಬೇಕು ಎಂದವರು ನಾರಾಯಣಪ್ಪ. ಕಡಲೆಕಾಯಿ ಸುಲಿಯುತ್ತಾ ಕಲಿತದ್ದು ನನಗೆ ಕೊನೆಯವರೆಗೂ ಒದಗಿತು.

ಇನ್ನು ನಮ್ಮ ಮೇಲಧಿಕಾರಿ ಗುರುಮೂರ್ತಿ ಸಾಹೇಬರ ವಿಷಯ. ಕೋಲಾರದಿಂದ ಜೀಪಿನಲ್ಲಿ ತನಿಖೆಗೆ ಬರುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಕೊಳೆ ಕಂಡರೆ ಆಗದು. ಜೇಬಿನಲ್ಲಿ ಡೆಟಾಲಿನ ಸಣ್ಣ ಬಾಟಲಿ ಸದಾ ಇರುತ್ತಿತ್ತು. ಕಪಾಟಿನ ಮೇಲೆ ಬೆರಳಾಡಿಸಿ ಧೂಳು ನೋಡುವರು, ಆಮೇಲೆ ಆ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಮೇಲೆತ್ತಿಕೊಂಡೇ ತಿರುಗುವರು. ಯಾವ ಮಗುವಾದರೂ ಎಂಜಲು ಹಚ್ಚಿ ಪುಟ ತಿರುಗಿಸುವುದು ಕಂಡರೆ, "ಅಯ್ಯೋ, ಬೇಡಪ್ಪಾ, ಬೇಡ ಬೇಡ!" ಎಂದು ತಾವೇ ನೊಂದವರ ಹಾಗೆ ಕೂಗುವರು. ಬಾಗಿಲಲ್ಲಿ ಬಕೆಟ್ಟು, ಚೊಂಬು, ಸೋಪು ಇಡಿಸಿದವರು ಅವರೇ. ಮಕ್ಕಳು ಕೈತೊಳೆಯುವುದನ್ನು ಒಂದು ಆಟ ಮಾಡಿಕೊಂಡಿದ್ದರು. ಸಾಹೇಬರ ಬೆನ್ನ ಹಿಂದೆ ನಾವು ನಗುತ್ತಿದ್ದೆವು, ಆದರೆ ಆ ಬಕೆಟ್ಟನ್ನು ಅವರು ವರ್ಗವಾಗಿ ಹೋದ ಮೇಲೂ ನಾನು ತೆಗೆಯಲಿಲ್ಲ.

ಒಂದು ಬೇಸಿಗೆ ಗಣಿಯ ಊರಿನಲ್ಲಿ ಸೀತಾಳೆ ಸಿಡುಬು ಎದ್ದಿತು. ವರ್ಷವರ್ಷವೂ ಅಲ್ಲೊಂದು ಇಲ್ಲೊಂದು ಮನೆಗೆ ಅಮ್ಮ ಬರುವುದು ಹೊಸತಲ್ಲ. ಆ ವರ್ಷ ಮಾತ್ರ ಓಣಿಗೆ ಓಣಿಯೇ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಕೊಂಡು ಕೂತಿತು. ಯಾವ ಅಡುಗೆಮನೆಯಿಂದಲೂ ಒಗ್ಗರಣೆಯ ಘಮ ಬರುತ್ತಿರಲಿಲ್ಲ. ರಜೆ ಶುರುವಾಗುವ ಮುಂಚೆಯೇ ಶಾಲೆಗಳಿಗೆ ಬೀಗ ಬಿತ್ತು, ಹಿಂದೆಯೇ ಮಕ್ಕಳ ಕೋಣೆಯನ್ನೂ ಮುಚ್ಚುವಂತೆ ಹೇಳಿಕೆ ಬಂತು. ಅದು ಸರಿಯಾದ ಮಾತೇ, ನಾನು ಎದುರಾಡಲಿಲ್ಲ.

ಆದರೆ ಅದಕ್ಕೆ ಸ್ವಲ್ಪ ಮೊದಲು, ರಜೆಯಲ್ಲಿ ಓದಲಿ ಎಂದು ಮಕ್ಕಳಿಗೆ ಕೈತುಂಬ ಪುಸ್ತಕ ಕೊಟ್ಟು ಕಳಿಸಿದ್ದೆ. ಬಣ್ಣದ ಚಿತ್ರವಿದ್ದಂಥವು, ಕಥೆ ಚೆನ್ನಾಗಿದ್ದಂಥವು, ಎಲ್ಲವೂ ಮಕ್ಕಳ ಮನೆಗಳಲ್ಲಿದ್ದವು. ಕಪಾಟಿನಲ್ಲಿ ಉಳಿದದ್ದು ಯಾರೂ ಮುಟ್ಟದ ನೀತಿಬೋಧೆಯ ಪುಸ್ತಕಗಳು ಮಾತ್ರ. ಆಗ ಸಾಹೇಬರು ಜೀಪಿನಿಂದ ಇಳಿಯದೆ, ಮೂಗಿಗೆ ಕರವಸ್ತ್ರ ಹಿಡಿದು ನನಗೆ ಹೇಳಿದರು: "ನೋಡಮ್ಮ, ರೋಗದ ಮನೆಗೆ ಹೋದ ಪುಸ್ತಕ ಒಂದೂ ಕಪಾಟಿಗೆ ವಾಪಸು ಬರಬಾರದು. ಎಲ್ಲ ಒಟ್ಟುಮಾಡಿ ಹಿತ್ತಲಲ್ಲಿ ಸುಟ್ಟುಬಿಡಿ. ಪುಸ್ತಕದಿಂದ ಒಂದು ಮಗುವಿಗೆ ಅಂಟಿತು ಅಂದರೆ ನಾನು ಯಾರಿಗೆ ಮುಖ ತೋರಿಸಲಿ?"

"ಸುಟ್ಟರ ಹೊಸಾವು ಕೊಡ್ತೀರೇನ್ರಿ ಸರ್?" ಎಂದೆ.

ಅವರು ಬೇರೆ ಕಡೆ ನೋಡಿದರು. "ಈಗ ಎಲ್ಲಿಂದ ತರಲಿ? ಪುಸ್ತಕ ಬರೋತನಕ ಆ ಕೋಣೆಯನ್ನು ಆಫೀಸಿನ ಸಾಮಾನು ಇಡೋಕೆ ಕೊಡೋಣ."

ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಮುರಿದ ಕುರ್ಚಿ, ಹಳೆಯ ಪೇಪರಿನ ಕಟ್ಟು ಒಮ್ಮೆ ಒಳಗೆ ಬಂದರೆ ಮತ್ತೆ ಹೊರಗೆ ಹೋಗುವುದಿಲ್ಲ. ಪುಸ್ತಕ ಸುಟ್ಟರೆ ಕೋಣೆಯೂ ಹೋದಂತೆಯೇ. ಅವತ್ತು ರೈಲಿನಲ್ಲಿ ನಾನು ಅತ್ತುಬಿಟ್ಟೆ. ಉಳಿದಿಬ್ಬರಿಗೂ ಇದೇ ಅಪ್ಪಣೆ ಆಗಿತ್ತು. ನಾರಾಯಣಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗಾಯ್ತು" ಎಂದರು.

ಮರುದಿನದಿಂದ ನಮ್ಮ ರೈಲಿನ ತರಗತಿಯಲ್ಲಿ ಒಂದೇ ಪಾಠ. ರೋಗದ ಮನೆಯಿಂದ ಬಂದ ಪುಸ್ತಕವನ್ನು ಸುಡದೆ ಶುದ್ಧ ಮಾಡುವುದು ಹೇಗೆ? ಬೆಂಗಳೂರಿನ ತರಬೇತಿಯಲ್ಲಿ ಇದು ಇರಲಿಲ್ಲ, ಕೇಳೋಣವೆಂದರೆ ತಿಳಿದವರೂ ಇರಲಿಲ್ಲ. ಫಿಲೋಮಿನಾ ಒಂದು ಹಳೆಯ ಪುಸ್ತಕಕ್ಕೆ ಫಿನಾಯಿಲ್ ಒರೆಸಿ ನೋಡಿದಳು. ಶಾಯಿ ಹರಡಿತು, ವಾಸನೆಗೆ ಅವಳಿಗೇ ತಲೆಸುತ್ತು ಬಂತು. ನಾರಾಯಣಪ್ಪ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಸ್ಪತ್ರೆಯಲ್ಲಿ ಸೂಜಿ, ಕತ್ತರಿಗಳನ್ನೆಲ್ಲ ಹಬೆಯಲ್ಲಿ ಬೇಯಿಸುತ್ತಾರೆಂದು ಎಲ್ಲೋ ಕೇಳಿದ್ದರಂತೆ. ಮನೆಯಲ್ಲಿ ಹೆಂಡತಿ ಇಲ್ಲದ ಹೊತ್ತು ನೋಡಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತಟ್ಟೆಯ ಮೇಲೆ ನವಿಲಿನ ಚಿತ್ರದ ಪುಸ್ತಕವನ್ನಿಟ್ಟು ಮುಚ್ಚಳ ಮುಚ್ಚಿದರು.

ಮರುದಿನ ಸಂಜೆ ಕೋರಮಂಡಲ್‌ನಲ್ಲಿ ಹತ್ತಿದಾಗ ಅವರ ಕೈಯಲ್ಲೊಂದು ಪೊಟ್ಟಣ, ಮುಖದಲ್ಲಿ ಮಂಕು. ಬಿಚ್ಚಿ ತೋರಿಸಿದರು. ಬೈಂಡಿನ ಮೈದಾ ಅಂಟು ಕರಗಿ ಗಂಜಿಯಾಗಿತ್ತು, ಹಾಳೆಗಳು ಬಿಟ್ಟುಕೊಂಡಿದ್ದವು, ನವಿಲಿನ ಬಣ್ಣವೆಲ್ಲ ಇಳಿದು ಅದೊಂದು ಬಿಳಿ ಕೋಳಿಯಾಗಿತ್ತು.

"ಪಾತ್ರೆ ಏನಾಯಿತು ಅಣ್ಣಾ?" ಎಂದಳು ಫಿಲೋಮಿನಾ.

"ಅದೇ ಈಗ ದೊಡ್ ಗಲಾಟೆ. ಇಡ್ಲಿ ಎಲ್ಲಾ ನೀಲಿ ಬತ್ತಾ ಅವೆ. ನಮ್ಮವಳು ಏಳ್ತಾಳೆ, ಇನ್ನ ನಿಮ್ ಲೈಬ್ರರಿಗೇ ಓಗಿ ತಿಂಡಿ ತಿನ್ನಿ ಅಂತ."

ನಗು ತಡೆಯಲಾಗದೆ ಮೂವರೂ ನಕ್ಕೆವು. ಅಷ್ಟು ದಿನದ ಸಂಕಟ ಆ ನಗುವಿನಲ್ಲಿ ಸ್ವಲ್ಪ ಇಳಿಯಿತು. ಕೊನೆಗೆ ದಾರಿ ತೋರಿಸಿದ್ದು ಆಸ್ಪತ್ರೆಯಲ್ಲಿ ನರ್ಸಾಗಿದ್ದ ಫಿಲೋಮಿನಾಳ ಅಕ್ಕ. ಅವಳು ಡಾಕ್ಟರನ್ನೇ ಕೇಳಿಕೊಂಡು ಬಂದಿದ್ದಳು. ಈ ರೋಗ ಹರಡುವುದು ಮನುಷ್ಯರಿಂದ ಮನುಷ್ಯರಿಗೆ. ಒಣಗಿದ ಕಾಗದದ ಮೇಲೆ ಅದು ಬಹಳ ಹೊತ್ತು ಉಳಿಯುವುದಿಲ್ಲ. ಮಗು ಪೂರ್ತಿ ವಾಸಿಯಾಗುವತನಕ ಪುಸ್ತಕ ಅಲ್ಲೇ ಇರಲಿ, ಆಮೇಲೆ ಬಿಸಿಲು ಗಾಳಿಗೆ ಹಾಕಿ, ಒಂದಷ್ಟು ದಿನ ಬೇರೆ ಇಟ್ಟು ಕಪಾಟಿಗೆ ಸೇರಿಸಿ ಎಂದರಂತೆ. ಅಂದರೆ ನಮಗೆ ಬೇಕಾಗಿದ್ದು ಔಷಧಿಯಲ್ಲ, ಸಮಯ. ಸಾಹೇಬರೋ ಇವತ್ತೇ ಸುಡಿ ಎನ್ನುತ್ತಿದ್ದರು. ಡಾಕ್ಟರು ಹೇಳಿದ್ದನ್ನು ನಾನು ಅವರಿಗೆ ತಿಳಿಸಿದಾಗ, "ಡಾಕ್ಟರು ನನ್ನ ಕುರ್ಚಿಯಲ್ಲಿ ಕೂತಿಲ್ಲವಲ್ಲ" ಎಂದರು.

ಅಪ್ಪಣೆ ಮೀರುವಂತಿಲ್ಲ. ಒಂದು ಚೀಲ ಹಿಡಿದು ಪುಸ್ತಕ ವಾಪಸು ತರಲು ಹೊರಟೆ. ಮೊದಲು ಹೋದದ್ದು ನಾಗವೇಣಿಯ ಮನೆಗೆ. ಅವಳ ತಾಯಿ ಗೌರಮ್ಮ ಕ್ಯಾಸಂಬಳ್ಳಿಯ ಹೆಣ್ಣುಮಗಳು, ಗಂಡನಿಗೆ ಗಣಿಯಲ್ಲಿ ಕೆಲಸ. ಬಾಗಿಲಲ್ಲಿ ಬೇವಿನ ಸೊಪ್ಪು ತೂಗುತ್ತಿತ್ತು. ನಾನು ಅಂಗಳ ದಾಟುವುದರೊಳಗೆ ಗೌರಮ್ಮ ಒಳಗಿನಿಂದ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕಳಿ ಮಿಸ್ಸಮ್ಮ, ಒಳಕ್ಕೆ ಬರಬ್ಯಾಡಿ. ಅಮ್ಮ ಬಂದವ್ಳೆ."

"ನಾಗವೇಣಿ ಹ್ಯಾಂಗ ಅದಾಳವ್ವ?"

"ಮೈಯೆಲ್ಲಾ ಮುತ್ತು ಚೆಲ್ದಂಗದೆ. ಕಣ್ಣು ಉರಿ ಅಂತಾಳೆ. ಅದ್ಕೇ ಅವಳಣ್ಣ ಪಕ್ದಾಗೆ ಕೂತು ನಿಮ್ ಪುಸ್ತಕ ಓದಿ ಏಳ್ತಾನೆ. ಅವನ್ಗೆ ಕಳೆದ್ ವರ್ಷವೇ ಅಮ್ಮ ಬಂದು ಓಗಿದ್ಲು."

ಹೇಗೆ ಹೇಳಬೇಕೋ ತಿಳಿಯದೆ, ಪುಸ್ತಕ ಒಯ್ಯಲು ಬಂದಿದ್ದೇನೆ ಎಂದೆ. ಗೌರಮ್ಮ ನನ್ನನ್ನು ಬುದ್ಧಿ ಇಲ್ಲದವಳ ಹಾಗೆ ನೋಡಿದಳು.

"ಪುಸ್ತ್ಕಾನಾ? ಅದೆಂಗಾಯ್ತದೆ? ಮೂರ್ ನೀರು ಆಗೋಗಂಟ ಈ ಮನೆಯಿಂದ ಒಂದು ಉಲ್ಲುಕಡ್ಡೀನೂ ಆಚೆ ಓಗಂಗಿಲ್ಲ. ಕೊಟ್ರೆ ಅಮ್ಮ ಮುನಿಸ್ಕತಾಳೆ. ನನ್ ಮಗಳ ತಲೆದಿಂಬಿನ ತಾವ ಅದೆ, ಅರಿಶಿನ ಹಚ್ಚಿ ಮಡ್ಗಿವ್ನಿ. ಈಗ ಅದು ನಿಮ್ದಲ್ಲ, ಅಮ್ಮಂದು."

ಮೂರು ನೀರು ಎಂದರೆ, ಗುಳ್ಳೆ ಒಣಗಿ ಉದುರಿದ ಮೇಲೆ ನಡುನಡುವೆ ದಿನ ಬಿಟ್ಟು, ಬೇವು ಅರಿಶಿನ ಹಾಕಿದ ನೀರಿನಲ್ಲಿ ಮೂರು ಸಲ ತಲೆಗೆ ಸ್ನಾನ. ಮೂರನೆಯದು ಆದ ಮೇಲೆ ಅಮ್ಮ ತಣ್ಣಗೆ ಮನೆಯಿಂದ ಹೊರಟಳು ಎಂದು ಲೆಕ್ಕ. ಅಷ್ಟರಲ್ಲಿ ಮಗು ಎದ್ದು ಓಡಾಡುತ್ತಿರುತ್ತದೆ. ಡಾಕ್ಟರು ಕೇಳಿದ ಸಮಯ ಇದೇ ಅಲ್ಲವೇ! ಖಾಲಿ ಚೀಲ ಹಿಡಿದು ಅಂಗಳದಲ್ಲಿ ನಿಂತವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತೋರಿಸಿಕೊಳ್ಳದೆ ಮುಂದಿನ ಮನೆಗೆ ಹೋದೆ. ಅಲ್ಲಿ ತಮಿಳಿನಲ್ಲಿ ಅದೇ ಮಾತು, ಅದರಾಚೆಯ ಮನೆಯಲ್ಲಿ ತೆಲುಗಿನಲ್ಲಿ ಅದೇ ಮಾತು. ಸಂಜೆಗೆ ಚೀಲ ಖಾಲಿಯಾಗಿಯೇ ರೈಲು ಹತ್ತಿತು. ಉಳಿದಿಬ್ಬರ ಚೀಲಗಳೂ ಖಾಲಿ ಇದ್ದವು.

ಸಾಹೇಬರು ನಂಬಲಿಲ್ಲ. "ಸರಕಾರದ ಪುಸ್ತಕ ಕೊಡಲ್ಲ ಅನ್ನೋಕೆ ಇವರು ಯಾರು? ನಡೀರಿ, ನಾನೇ ಬರ್ತೀನಿ" ಎಂದು ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಹೊರಟರು. ಗೌರಮ್ಮನ ಮನೆಯ ಮುಂದೆ ಇಳಿದು, ಕರವಸ್ತ್ರದ ಹಿಂದಿನಿಂದಲೇ ಗಟ್ಟಿಯಾಗಿ ಕರೆದರು. ಈಕೆ ಹೆದರಿ ಪುಸ್ತಕ ತಂದುಕೊಟ್ಟರೆ ಉಳಿದವರೂ ಕೊಡುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು.

ಗೌರಮ್ಮ ಹೊರಗೆ ಬಂದಳು. ಸಾಹೇಬರ ಮುಖ ನೋಡಲಿಲ್ಲ, ಕಾಲು ನೋಡಿದಳು.

"ಸಾಮಿ, ಅಮ್ಮ ಇರೋ ಮನೆ ಇದು. ಮೆಟ್ಟು ಬಿಟ್ಟು ಮಾತಾಡಿ."

ಸಾಹೇಬರು ತಮ್ಮ ಬೂಟು ನೋಡಿಕೊಂಡರು. ಬಾಗಿಲಿನ ಬೇವಿನ ಸೊಪ್ಪನ್ನು ಆಗಷ್ಟೇ ಗಮನಿಸಿದವರ ಹಾಗೆ ತಲೆಯೆತ್ತಿ ನೋಡಿದರು. ಆಮೇಲೆ ಬಗ್ಗಿ ಲೇಸು ಬಿಚ್ಚತೊಡಗಿದರು. ಕೊಳೆ ಕಂಡರೆ ಆಗದ ಆ ಮನುಷ್ಯ ಬೂಟು, ಕಾಲುಚೀಲ ಎರಡನ್ನೂ ಕಳಚಿ, ಗಣಿಯ ಮಣ್ಣಿನ ಆ ಬೀದಿಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಕಡೆಗೆ ಕೈಮುಗಿದರು. ಮೂಗಿನ ಕರವಸ್ತ್ರ ಎಲ್ಲಿ ಹೋಯಿತೋ ಅವರಿಗೂ ತಿಳಿಯಲಿಲ್ಲ.

"ನನಗೂ ಚಿಕ್ಕವನಿದ್ದಾಗ ಬಂದಿತ್ತಮ್ಮ" ಎಂದರು, ದನಿ ಬೇರೆಯೇ ಆಗಿತ್ತು. "ನಮ್ಮ ತಾಯಿ ನನ್ನ ಹತ್ತಿರ ಯಾರನ್ನೂ ಸೇರಿಸುತ್ತಿರಲಿಲ್ಲ. ಇಡೀ ದಿನ ಒಬ್ಬನೇ ಮಲಗಿ ತೊಲೆ ಎಣಿಸ್ತಿದ್ದೆ." ಆಮೇಲೆ, "ಮೂರನೇ ನೀರು ಯಾವತ್ತು?" ಎಂದು ಕೇಳಿದರು.

"ಇನ್ನೂ ಮೊದಲ್ನೇದೇ ಆಗಿಲ್ಲ ಸಾಮಿ. ಅಮ್ಮ ಯಾವಾಗ ಒಲೀತಾಳೋ ಆವಾಗ."

ಒಳಗಿನಿಂದ ಅಣ್ಣ ತಂಗಿಗೆ ಓದಿ ಹೇಳುವ ದನಿ ಕೇಳುತ್ತಿತ್ತು. ದಾರಿತಪ್ಪಿದ ಆನೆಮರಿ ರೈಲ್ವೆ ಸ್ಟೇಷನ್ನಿಗೆ ಬಂದು ಟಿಕೆಟ್ ಕೇಳುವ ಕಥೆ ಅದು. ಸಾಹೇಬರು ಬೂಟನ್ನು ಕೈಯಲ್ಲೇ ಹಿಡಿದುಕೊಂಡು, ಆ ಪುಟ ಮುಗಿಯುವವರೆಗೂ ನಿಂತರು. ಜೀಪಿನಲ್ಲಿ ಮಾತ್ರ ಮತ್ತೆ ಅಧಿಕಾರಿಯಾದರು. "ನೀರು ಆಗಲಿ. ಆಮೇಲೆ ಬಂದು ನೋಡ್ತೀನಿ. ಸುಡಬೇಕೋ ಬೇಡವೋ ಆವಾಗ ಹೇಳ್ತೀನಿ. ಅಲ್ಲಿಯವರೆಗೂ ಸಾಮಾನು ಒಳಗೆ ತರೋದು ಬೇಡ."

ಅಂದರೆ ತೂಗುಗತ್ತಿ ಇನ್ನೂ ತಲೆಯ ಮೇಲೇ ಇತ್ತು. ಕಾಯುವ ದಿನಗಳಲ್ಲಿ ನಾವು ಮೂವರೂ ಕೈಕಟ್ಟಿ ಕೂರಲಿಲ್ಲ. ನನ್ನ ಗ್ರಂಥಾಲಯದ ತಾರಸಿ ಗುಡಿಸಿ, ಹಗ್ಗ ಕಟ್ಟಿ, ಪುಸ್ತಕ ಬಿಸಿಲಿಗೆ ಹಾಕುವ ಜಾಗ ಮಾಡಿದೆವು. ಬಿಟ್ಟುಹೋದ ಬೈಂಡು ಹೊಲಿಯುವುದನ್ನು ನಾರಾಯಣಪ್ಪ ಎಲ್ಲಿಂದಲೋ ಕಲಿತು ಬಂದು ರೈಲಿನಲ್ಲೇ ನಮಗೆ ಹೇಳಿಕೊಟ್ಟರು. ಗಾಡಿಯ ಕುಲುಕಾಟಕ್ಕೆ ಸೂಜಿ ಬೆರಳಿಗೇ ಹೆಚ್ಚು ಚುಚ್ಚಿತು.

ಒಂದು ಬೆಳಿಗ್ಗೆ ಗ್ರಂಥಾಲಯಕ್ಕೆ ಹೋದರೆ ಬಾಗಿಲಲ್ಲಿ ತಾಯಂದಿರು ನಿಂತಿದ್ದರು. ಮೂರು ನೀರೂ ಮುಗಿಸಿ, ಅಮ್ಮನ ಗುಡಿಗೆ ತಂಪು, ಅಂದರೆ ತಣ್ಣನೆಯ ಎಡೆ, ಒಪ್ಪಿಸಲು ಹೊರಟವರು ದಾರಿಯಲ್ಲಿ ನಮ್ಮ ಕಡೆಗೂ ಬಂದಿದ್ದರು. ಕೈಯ ತಟ್ಟೆಗಳಲ್ಲಿ ತಂಬಿಟ್ಟು, ಬೇವಿನ ಸೊಪ್ಪು, ಪಕ್ಕದಲ್ಲಿ ನಮ್ಮ ಪುಸ್ತಕ. ಒಂದೊಂದು ರಟ್ಟಿನ ಮೇಲೂ ಅರಿಶಿನದ ಬೊಟ್ಟು. ಅಂದಿನಿಂದ ದಿನವೂ ಒಬ್ಬಿಬ್ಬರು ಬರುತ್ತಲೇ ಇದ್ದರು. ಬಂದದ್ದನ್ನೆಲ್ಲ ತಾರಸಿಗೆ ಒಯ್ದು ಪುಟ ಬಿಡಿಸಿ ಬಿಸಿಲಿಗೆ ಇಟ್ಟೆ. ಗಾಳಿಗೆ ಪುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

ಡಾಕ್ಟರು ಹೇಳಿದಷ್ಟು ದಿನ ಕಳೆದ ಮೇಲೆ ಸಾಹೇಬರು ಬಂದರು. ನೇರವಾಗಿ ತಾರಸಿ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಅವರು ಸಾಲಿನುದ್ದಕ್ಕೂ ನಡೆದು ಆನೆಮರಿಯ ಪುಸ್ತಕದ ಹತ್ತಿರ ನಿಂತರು. ಕೈ ಜೇಬಿಗೆ ಹೋಯಿತು. ಡೆಟಾಲ್ ತೆಗೆಯುತ್ತಾರೆ ಎಂದುಕೊಂಡೆ. ಬರಿಗೈ ಹೊರಗೆ ಬಂತು. ಬಗ್ಗಿ ಆ ಪುಸ್ತಕವನ್ನು ಎತ್ತಿಕೊಂಡು, ಅರಿಶಿನದ ಬೊಟ್ಟಿನ ರಟ್ಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ನನಗೆ ಅಷ್ಟೇ ಸಾಕಾಗಿತ್ತು. ಕಣ್ಣಿಗೆ ಒತ್ತಿಕೊಂಡದ್ದನ್ನು ನಮ್ಮಲ್ಲಿ ಯಾರೂ ಬೆಂಕಿಗೆ ಹಾಕುವುದಿಲ್ಲ.

"ನಾಳೆಯಿಂದ ಬಾಗಿಲು ತೆಗೀರಿ" ಎಂದರು. ಮೆಟ್ಟಿಲಿಳಿಯುವಾಗ ತಿರುಗಿ, "ಬಕೆಟ್ಟು ಮಾತ್ರ ಮರೀಬೇಡಿ" ಎಂದರು.

ಮರುದಿನ ಮೊದಲು ಬಂದವಳು ನಾಗವೇಣಿ. ಕೆನ್ನೆಯ ಮೇಲೆ ಒಂದೆರಡು ಕಲೆ ಉಳಿದಿತ್ತು. ಕೈ ತೊಳೆದು, ನನಗೆ ತೋರಿಸಿ, ಒಳಗೆ ಓಡಿದಳು. ಬಾಗಿಲಲ್ಲಿ ಗೌರಮ್ಮ ನಿಂತೇ ಇದ್ದಳು. ಒಳಗೆ ಬಾರವ್ವ ಎಂದೆ. ಅವಳು ಸೆರಗು ಸರಿಮಾಡಿಕೊಂಡು, ಬಕೆಟ್ಟಿನ ಹತ್ತಿರ ಬಗ್ಗಿ, ಮಕ್ಕಳ ಹಾಗೆಯೇ ಸೋಪು ಹಚ್ಚಿ ಕೈ ತೊಳೆದಳು. ಮೇಜಿನ ಮೇಲಿದ್ದ ಆನೆಮರಿಯ ಪುಸ್ತಕವನ್ನು ಅವಳಿಗೆ ಕೊಡಲು ಹೋದೆ.

"ಅದು ಬ್ಯಾಡಿ ಮಿಸ್ಸಮ್ಮ" ಎಂದಳು. "ನಂಗೆ ಓದಾಕೆ ಬರಲ್ಲ, ಆದ್ರೂ ಅದು ಪೂರ್ತಿ ಬಾಯಿಗೆ ಬಂದೋಗದೆ. ಬ್ಯಾರೇದು ಕೊಡಿ. ಸಾಯಂಕಾಲ ನನ್ ಮಗಳ ಕೈಲಿ ಓದುಸ್ಕತೀನಿ."